ಮಿಂಚೊ ಹಿಂದೆ ಸರಿದ ಹಬ್ಬ

ಮಿಂಚೊ ಯಾರಿಗೂ ಅಂಗೈ ಕೊಟ್ಟವನಲ್ಲ. ಡ್ಯಾನ್ಯೂಬ್ ದಂಡೆಯ ಆ ಬಲ್ಗೇರಿಯಾದ ಊರಿನ ಕೊಳಚೆ ನೀರಿನ ಘಟಕದಲ್ಲಿ ಅವನ ಕೆಲಸ. ಕೈ ಹೊಲಸೆಂದು ಘಟಕದವರು ಕೈಕುಲುಕುವ ಬದಲು ಮುಷ್ಟಿ ಬಿಗಿದು ಮಣಿಕಟ್ಟು ಚಾಚುತ್ತಾರೆ. ಮಗಳ ಮದುವೆಯಲ್ಲೂ ಅವನು ಚಾಚಿದ್ದು ಅದನ್ನೇ. ಬೀಗರು ಮುಖ ಗಂಟಿಕ್ಕಿಕೊಂಡರು, ಎರಡು ಲೋಟ ಇಳಿದ ಮೇಲೆ ತಾವೂ ಮಣಿಕಟ್ಟು ಚಾಚಿ ನಕ್ಕರು.

ಈ ವಸಂತದಲ್ಲಿ ಕಸ ತಡೆಯುವ ಕಂಬಿ ಅವನ ಬಲ ಅಂಗೈಯನ್ನು ಸೀಳಿತು. ಎಲ್ಲರ ಮನೆಯಂತೆ ಅವನ ಮನೆಯಲ್ಲೂ ಉಳಿದ ಮಾತ್ರೆ ತುಂಬಿದ ಬಿಸ್ಕತ್ತಿನ ಡಬ್ಬಿಯೊಂದಿತ್ತು. ಅದರಲ್ಲಿ ಸಿಕ್ಕ ಆಂಟಿಬಯೋಟಿಕ್ಕನ್ನು ಒಂದೆರಡು ದಿನ ನುಂಗಿದ. ನೋವು ಇಳಿಯಿತೆಂದು ಮಿಕ್ಕಿದ್ದನ್ನು ಕಕ್ಕಸಿಗೆ ಸುರಿದು ನೀರು ಬಿಟ್ಟ. ಗಾಯ ಮತ್ತೆ ಕೀವಾಯಿತು. ಆಸ್ಪತ್ರೆಯ ಡಾಕ್ಟರಮ್ಮ ಕೀವನ್ನು ಪರೀಕ್ಷೆ ಮಾಡಿಸಿ, ಮಾಮೂಲಿ ಔಷಧ ಯಾವುದಕ್ಕೂ ಈ ಕ್ರಿಮಿ ಜಗ್ಗುವುದಿಲ್ಲ ಎಂದರು. ಮಾತ್ರೆಯ ಕಥೆ ಕೇಳಿ ಕನ್ನಡಕ ತೆಗೆದಿಟ್ಟರು.

"ಕಕ್ಕಸಿಗೆ ಹಾಕಿದ್ದು ಎಲ್ಲಿಗೆ ಬರುತ್ತೆ ಅಂತ ನಿಮಗೆ ನಾನು ಹೇಳಬೇಕಾ? ಊರಿನ ಮಾತ್ರೆ, ಊರಿನ ಕ್ರಿಮಿ ಎಲ್ಲಾ ನಿಮ್ಮ ತೊಟ್ಟೀಲೇ ಸೇರುತ್ತೆ. ಅಲ್ಲಿ ಬದುಕಿ ಉಳಿದ ಕ್ರಿಮಿ ಔಷಧಿ ತಡ್ಕೊಳ್ಳೋದನ್ನ ಪಕ್ಕದ್ದಕ್ಕೂ ಕಲಿಸುತ್ತೆ."

ಚುಚ್ಚುಮದ್ದು ಶುರುವಾಯಿತು. ಪಟ್ಟಿ ಬಿಚ್ಚದೆ, ಕೈ ತೊಳೆಯುತ್ತಿದ್ದರೆ ಮನೆಯವರಿಗೆ ಹೆಚ್ಚು ಭಯವಿಲ್ಲ ಎಂದಿದ್ದರು ಅವರು. 'ಹೆಚ್ಚು' ಎಂಬ ಮಾತೊಂದು ಮಿಂಚೊನ ಎದೆಯಲ್ಲಿ ಕೂತುಬಿಟ್ಟಿತು. ಮೊಮ್ಮಗಳು ಕಲಿನಾಗೆ ಇನ್ನೂ ವರ್ಷ ತುಂಬಿಲ್ಲ, ಸಿಕ್ಕಿದ್ದೆಲ್ಲ ಬಾಯಿಗೆ. ಅವಳನ್ನು ಎತ್ತುವುದನ್ನೇ ಬಿಟ್ಟ. ಮನೆಯ ಟವೆಲ್ ಮುಟ್ಟದೆ ಕೈಯನ್ನು ಪ್ಯಾಂಟಿಗೇ ಒರೆಸಿಕೊಳ್ಳತೊಡಗಿದ. ಮಗಳು ನೆವೇನಾಗೆ ಹೇಳಲಿಲ್ಲ. ಹೇಳಿದರೆ ಮಗುವನ್ನು ಕರೆತರುವುದನ್ನೇ ನಿಲ್ಲಿಸಿಯಾಳು ಎಂಬ ಹೆದರಿಕೆ. ಹೆಂಡತಿ ಗಿಂಕಾಗೆ ಮಾತ್ರ ಎಲ್ಲ ಗೊತ್ತು.

ಅಷ್ಟರಲ್ಲಿ ಮಗು ಮೊದಲ ಹೆಜ್ಜೆ ಇಟ್ಟಿತು. ಅಂದಮೇಲೆ ಅಲ್ಲಿನ ವಾಡಿಕೆಯಂತೆ ಹೆಜ್ಜೆರೊಟ್ಟಿಯ ಹಬ್ಬ ಆಗಲೇಬೇಕು. ಗಿಂಕಾ ಹಿಟ್ಟು ನಾದಿದಳು. ಅಂಗಳದಲ್ಲಿ ಬಿಳಿ ಬಟ್ಟೆ ಹಾಸಿ, ತುದಿಯಲ್ಲಿ ಕತ್ತರಿ, ಪುಸ್ತಕ, ಸೌಟು ಇಟ್ಟರು. ಮಗು ಹಿಡಿದದ್ದೇ ಅದರ ಮುಂದಿನ ಕಸುಬು. ಮಗು ಹಿಂಬಾಲಿಸಿ ನಡೆಯಲೆಂದು ದುಂಡು ರೊಟ್ಟಿಯನ್ನು ಬಟ್ಟೆಯ ಮೇಲೆ ಉರುಳಿಸಿದರು. ಕಲಿನಾ ಅತ್ತ ತಿರುಗಿಯೂ ನೋಡಲಿಲ್ಲ. ದ್ರಾಕ್ಷಿ ಚಪ್ಪರದಡಿ ದೂರ ನಿಂತಿದ್ದ ಅಜ್ಜನ ಕಡೆಗೆ ತೂರಾಡುತ್ತ ಹೊರಟಳು.

ಮಿಂಚೊ ಹಿಂದೆ ಸರಿದ. ಅವಳು ಮುಂದೆ ಬಂದಳು. ಅವನು ಇನ್ನೂ ಸರಿದ.

"ಹಂಗೇ ಹಿಂದ್‌ಹಿಂದೆ ಹೋಗಪ್ಪಾ, ನಡಿಯೋದು ಕಲೀತಾಳೆ" ಎಂದಳು ನೆವೇನಾ. ಎಲ್ಲರೂ ಚಪ್ಪಾಳೆ ತಟ್ಟಿದರು, ಗಿಂಕಾ ಒಬ್ಬಳನ್ನು ಬಿಟ್ಟು.

ಬೆನ್ನಿಗೆ ಗೋಡೆ ತಗುಲಿತು. ಮಿಂಚೊ ಪಟ್ಟಿ ಕಟ್ಟಿದ ಕೈಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದ. ಕಲಿನಾ ಅವನ ಕಾಲನ್ನು ತಬ್ಬಿಕೊಂಡು, ಅವನು ಬೆಳಗ್ಗೆಯಿಂದ ಕೈ ಒರೆಸಿಕೊಳ್ಳುತ್ತಿದ್ದ ಪ್ಯಾಂಟಿಗೆ ಬಾಯಿ ಹಚ್ಚಿದಳು.