ಎರಡು ಕಾಗದ, ಒಬ್ಬರು ಅತ್ತೆ

೧೯೭೮ರ ನವೆಂಬರಿನಲ್ಲಿ ಸರ್ವಮಂಗಳಮ್ಮ ಗಂಡ, ಮಗಳೊಡನೆ ಜಾಂಬಿಯಾ ದೇಶದಿಂದ ಚನ್ನಗಿರಿಯ ಅತ್ತೆಯ ಮನೆಗೆ ಎರಡು ತಿಂಗಳ ರಜಕ್ಕೆ ಬಂದಾಗ, ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ ಎರಡು ಕಾಗದ ಇದ್ದವು. ಎರಡನ್ನೂ ಬರೆದವಳು ಅವಳೇ. ಎರಡೂ ಒಬ್ಬರಿಗೇ, ಅಲ್ಲಿನ ಒಂದು ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್‌ಗೆ. ಒಂದರಲ್ಲಿ 'ಜನವರಿಯಿಂದ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಲು ಬರುತ್ತೇನೆ' ಎಂದಿತ್ತು. ಇನ್ನೊಂದರಲ್ಲಿ 'ಮನೆಯ ತಾಪತ್ರಯ, ಕ್ಷಮಿಸಬೇಕು' ಎಂದಿತ್ತು. ಎರಡನೆಯದರ ಅಕ್ಷರಗಳೇ ಹೆಚ್ಚು ದುಂಡಗಿದ್ದವು. ವಾಪಸು ಹೋದ ಕೂಡಲೇ ಎರಡರಲ್ಲಿ ಒಂದನ್ನು ಕೊಡಲೇಬೇಕಿತ್ತು.

ಕೊಡುವ ಆಸೆ ಇದ್ದದ್ದು ಮೊದಲನೆಯದನ್ನೇ. ಗಂಡ ತಾಮ್ರದ ಗಣಿಯ ವರ್ಕ್‌ಶಾಪಿಗೆ, ಮಗಳು ಶಾಲೆಗೆ ಹೋದ ಮೇಲೆ ಮಧ್ಯಾಹ್ನ ಮೂರರವರೆಗೆ ಅವಳಿಗೆ ಮಾತಿಗೆ ಸಿಗುತ್ತಿದ್ದದ್ದು ಗೋಡೆ ಗಡಿಯಾರ ಒಂದೇ. ಆರು ವರ್ಷ ತರಕಾರಿಯವರ ಜೊತೆ ಜಗಳವಾಡಿ ಆಡಿಯೇ ಇಂಗ್ಲಿಷು ನಾಲಿಗೆಗೆ ಹತ್ತಿತ್ತು. ಟೊಮ್ಯಾಟೊ ಚೌಕಾಸಿಯನ್ನು ಹಿಂದೆ ನಿಂತು ಕೇಳಿಸಿಕೊಂಡ ಹೆಡ್‌ಮಿಸ್ಟ್ರೆಸ್ಸು, "ನಿಮ್ಮಂಥವರು ನಮಗೆ ಬೇಕು" ಎಂದುಬಿಟ್ಟಿದ್ದರು.

ಆದರೆ ಹೆಡ್‌ಮಿಸ್ಟ್ರೆಸ್‌ಗೆ ಜಗಳೂರಿನ ಕಥೆ ಗೊತ್ತಿರಲಿಲ್ಲ. ಜಗಳೂರಿನಲ್ಲಿ ಎಸ್ಸೆಸ್ಸೆಲ್ಸಿ ಓದಿದ ಸರ್ವಮಂಗಳಮ್ಮನಿಗೆ ಇಂಗ್ಲಿಷಿನಲ್ಲಿ ಬಂದದ್ದು ಸರಿಯಾಗಿ ಮೂವತ್ತೈದು. ಮೂವತ್ತಾರು ಬಂದಿದ್ದರೆ ಯಾರಿಗೂ ನೆನಪಿರುತ್ತಿರಲಿಲ್ಲ. ಮೂವತ್ತೈದು ಮಾತ್ರ ನೆಂಟರಿಗೆಲ್ಲ ಬಾಯಿಪಾಠವಾಗಿತ್ತು. ಅದಕ್ಕಿಂತ ಹಳೆಯ ಗಾಯ ಒಂದಿತ್ತು. ಎಂಟನೇ ಕ್ಲಾಸಿನಲ್ಲಿ ಎದ್ದು ನಿಂತು ಇಂಗ್ಲಿಷ್ ಪಾಠ ಓದುವಾಗ ಇಡೀ ಕ್ಲಾಸು ನಕ್ಕಿತ್ತು, ಮೇಷ್ಟ್ರೂ ಸೇರಿ. ಅವಳು ವಾಕ್ಯದ ನಡುವೆಯೇ ಕೂತುಬಿಟ್ಟಳು. ಆ ವಾಕ್ಯ ಇನ್ನೂ ಮುಗಿದಿರಲಿಲ್ಲ. ಇನ್ನು ನಲವತ್ತು ಮಕ್ಕಳ ಎದುರು ನಿಂತು, ಅವೂ ನಕ್ಕರೆ?

ಗಂಡ ಮಲ್ಲಿಕಾರ್ಜುನಪ್ಪನನ್ನು ಕೇಳಿದರೆ ಪೇಪರಿನ ಹಿಂದಿನಿಂದ "ನಿನ್ನಿಷ್ಟ" ಎಂದ. ಉತ್ತರ ಹೊಳೆಯದಾಗ ಹೆಂಡತಿಗೆ ಸ್ವಾತಂತ್ರ್ಯ ಕೊಟ್ಟುಬಿಡುವುದು ನಮ್ಮಂಥ ಗಂಡಸರ ಹಳೆಯ ಉಪಾಯ.

ಈ ಸಲ ಅತ್ತೆ ಕಸ್ತೂರಮ್ಮನವರೂ ಒಂದು ವರ್ಷದ ಮಟ್ಟಿಗೆ ಜಾಂಬಿಯಾಕ್ಕೆ ಹೊರಟಿದ್ದರು. ಐವತ್ತೈದರ ಗಟ್ಟಿ ಹೆಂಗಸು. ಮುಟ್ಟಿ ನೋಡಿಯೇ ಅಡಿಕೆಯ ಜಾತಿ ಹೇಳುವವರು. ಅವರು ಹೆದರಿದ್ದು ಪಕ್ಕದ ಮನೆ ಸಾವಂತ್ರಮ್ಮ ತಂದ ಸುದ್ದಿಗೆ.

"ವಿಮಾನ ಇಳಿದ ತಕ್ಷಣ ಒಬ್ಬ ಆಫೀಸರ್ ಕುಂತಿರ್ತಾನಂತೆ ಕಸ್ತೂರಕ್ಕ. ಎಲ್ಲಾ ಇಂಗ್ಲಿಷ್‌ನಾಗೇ ಕೇಳ್ತಾನಂತೆ. ಹೇಳಾಕೆ ಬರ್ಲಿಲ್ಲ ಅಂದ್ರೆ ಅದೇ ವಿಮಾನಕ್ಕೆ ಹತ್ತಿಸಿ ವಾಪಸ್!"

ಬಂಡಿಗಟ್ಟಲೆ ಅಡಿಕೆ ಮಾರಿದವರು ವಾಪಸು ಬರುವುದೆಂದರೇನು? ಹೊನ್ನಾಳಿಯಿಂದ ನಿವೃತ್ತ ಮೇಷ್ಟ್ರು ಚಿತ್ತಪ್ಪನವರನ್ನು ಕರೆಸಿದರು. ಮನೆಯಲ್ಲೇ ಸೊಸೆ ಇದ್ದಾಳಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಸೊಸೆಗೂ ಹೊಳೆಯಲಿಲ್ಲ. ಚಿತ್ತಪ್ಪ ಮೇಷ್ಟ್ರು ದಿನಾ ಬೆಳಗಿನ ಬಸ್ಸಿಗೆ ಬಂದು, ಉಪ್ಪಿಟ್ಟು ತಿಂದು, ಸ್ಲೇಟಿನ ಮೇಲೆ ಎ, ಬಿ, ಸಿ ಶುರುಮಾಡಿದರು. ಒಂಬತ್ತನೇ ದಿನ 'ಜಿ'ಗೆ ಬಂದಾಗ ಕಸ್ತೂರಮ್ಮ ಸ್ಲೇಟು ಕೆಳಗಿಟ್ಟರು.

"ಮೇಷ್ಟ್ರೇ, ವಿಮಾನ ಡಿಸೆಂಬರ್ ಕೊನೀಗೆ ಐತೆ. ನೀವು ಕೊನೇ ಅಕ್ಷರಕ್ಕೆ ಬರೋ ಹೊತ್ತಿಗೆ ನಾನು ಹೋಗಿ ವಾಪಸ್ಸೂ ಬಂದಿರ್ತೀನಿ."

ಮೇಷ್ಟ್ರಿಗೆ ಹೋಳಿಗೆ ಬಡಿಸಿ ಬಸ್ಸು ಹತ್ತಿಸಿದರು.

ಮಾರನೇ ದಿನ ಅತ್ತೆ ಸೊಸೆ ಪಡಸಾಲೆಯಲ್ಲಿ ಅಡಿಕೆ ಆರಿಸುತ್ತಿದ್ದಾಗ ಸರ್ವಮಂಗಳಮ್ಮನ ಬಾಯಿಂದ ಮಾತು ತಾನಾಗಿ ಜಾರಿತು. "ಅತ್ತೆ, ಆಫೀಸರ್ ಏನು ಕೇಳ್ತಾನೆ ಅಂತ ನಾನು ತೋರಿಸ್ಲಾ?"

"ನೀನಾ?"

ಆ ಒಂದು ಮಾತಿನಲ್ಲಿ ಹದಿನಾಲ್ಕು ವರ್ಷದ ಸಂಸಾರವಿತ್ತು. ಆ ಮನೆಯಲ್ಲಿ ಅತ್ತೆ ಸೊಸೆಯ ತಪ್ಪು ಹೇಳುವುದು ಪದ್ಧತಿ. ಸೊಸೆ ಅತ್ತೆಗೆ ತಪ್ಪು ಹೇಳುವುದಕ್ಕೆ ಪದ್ಧತಿಯೇ ಇರಲಿಲ್ಲ. ಸರ್ವಮಂಗಳಮ್ಮ ಗಂಡನ ಕೋಟು ತೊಟ್ಟು, ಅವನ ಕನ್ನಡಕ ಏರಿಸಿ, ಕುರ್ಚಿ ಎಳೆದುಕೊಂಡು ಕೂತಳು.

"ಈಗ ನಾನು ನಿಮ್ಮ ಸೊಸೆ ಅಲ್ರಿ, ಆಫೀಸರ್."

"ಆಫೀಸರ್ ಆದ್ರೆ ಏನಾತು, ಸೆರಗು ಸರಿ ಮಾಡ್ಕೊ."

"ವಾಟ್ ಈಸ್ ಯುವರ್ ನೇಮ್? ನಿಮ್ಮ ಹೆಸರೇನು?"

"ಇಷ್ಟು ವರ್ಷ ನನ್ನ ಕೈಯಾಗಿನ ರೊಟ್ಟಿ ತಿಂದು ನನ್ನ ಹೆಸ್ರು ಕೇಳ್ತೀಯಲ್ಲೇ!"

ಆಫೀಸರ್ ನಗಲಿಲ್ಲ. ಮತ್ತೆ ಕೇಳಿದಳು. ಹತ್ತನೇ ಸಲಕ್ಕೆ "ಮೈ ನೇಮ್ ಕಸ್ತೂರಮ್ಮ" ಬಂತು. ವಾರದಲ್ಲಿ "ದಿಸ್ ಮೈ ಸನ್", "ಐ ಸ್ಟೇ ಒನ್ ಇಯರ್" ಕೂಡ ಬಂದವು. ಅತ್ತೆ ನಡುವೆ ತಡವರಿಸಿದರೆ ಸರ್ವಮಂಗಳಮ್ಮ ಅಡಿಕೆ ಆರಿಸುತ್ತಾ ಸುಮ್ಮನೆ ಕಾಯುತ್ತಿದ್ದಳು. ವಾಕ್ಯ ಮುಗಿಯುವ ತನಕ ಕಾಯುವುದು ಅವಳಿಗೆ ಯಾರೂ ಹೇಳಿಕೊಡದೆ ಬಂದಿತ್ತು.

ಗಾಡಿ ನಿಂತದ್ದು "ಗಂಡನ ಹೆಸರು?" ಎಂಬಲ್ಲಿ. ಮದುವೆಯಾದ ಮೂವತ್ತೊಂಬತ್ತು ವರ್ಷದಲ್ಲಿ ಕಸ್ತೂರಮ್ಮ ಗಂಡನ ಹೆಸರು ಬಾಯಿಬಿಟ್ಟು ಹೇಳಿದವರಲ್ಲ. ಗಂಡನ ಹೆಸರು ಬಸವರಾಜಪ್ಪ ಆದ್ದರಿಂದ ಬಸವ ಜಯಂತಿಯೂ ಅವರ ಬಾಯಲ್ಲಿ 'ನಮ್ಮನೆಯವರ ಜಯಂತಿ'. ಜನಗಣತಿಯವರು ಬಂದಾಗ ಸಾವಂತ್ರಮ್ಮನನ್ನು ಕರೆಸಿ ಹೇಳಿಸಿದ್ದರು. ಗಂಡ ತೀರಿಕೊಂಡು ಐದು ವರ್ಷವಾದರೂ ಆ ಕಟ್ಟು ಸಡಿಲವಾಗಿರಲಿಲ್ಲ.

"ಅದೊಂದು ಬಿಟ್ಬಿಡು."

"ಅವನು ಕೇಳಿದ್ರೆ ಅತ್ತೆ?"

"ಸಾವಂತ್ರಿನ್ನ ಕರ್ಕೊಂಡು ಹೋಗಾಕೆ ಆಗುತ್ತಾ?"

ಎರಡು ದಿನ ಪಾಠ ನಡೆಯಲಿಲ್ಲ. ಮೂರನೇ ಬೆಳಗ್ಗೆ ಅಡಿಕೆ ರಾಶಿಯ ಮುಂದೆ ಕೂತು, ಸೊಸೆಯ ಮುಖ ನೋಡದೆ ಕೇಳಿದರು: "ಏನೇ, ಇಂಗ್ಲಿಷ್‌ನಾಗೆ ಹೇಳಿದ್ರೂ ದೋಷ ಬರುತ್ತೇನು?"

ಇದು ಯಾವ ಪುಸ್ತಕದಲ್ಲೂ ಇರದ ಪ್ರಶ್ನೆ. ಸರ್ವಮಂಗಳಮ್ಮ ತಡಮಾಡಲಿಲ್ಲ. "ಇಲ್ಲ ಅತ್ತೆ. ಆ ಭಾಷೆಯಾಗೆ ಎಲ್ಲಾ ಹೆಂಗಸರೂ ಹೇಳ್ತಾರ್ರಿ. ಅವರ ರಾಣೀನೂ ಹೇಳ್ತಾಳೆ."

ಕಸ್ತೂರಮ್ಮ ಸೆರಗು ಹೊದ್ದು, ಗೋಡೆಯ ಫೋಟೋ ಕಡೆ ಒಮ್ಮೆ ನೋಡಿ, ನೆಟ್ಟಗೆ ಕೂತರು. "ಮೈ ಹಸ್ಬೆಂಡ್ ನೇಮ್... ಬಸವರಾಜಪ್ಪ."

ಇಬ್ಬರ ಕೈಗಳೂ ಅಡಿಕೆಯ ಮೇಲೆ ನಿಂತವು. ಯಾರೂ ಕೇಳದೆಯೇ ಅವರು ಇನ್ನೊಮ್ಮೆ ಹೇಳಿದರು. ಮತ್ತೊಮ್ಮೆ ಹೇಳಿದರು. "ಹೆಸ್ರು ಚೆನ್ನಾಗೈತೆ ಅಲ್ಲೇನೇ?" ಎಂದು, ಈಗಷ್ಟೇ ಯಾರೋ ಸಂಬಂಧ ತಂದವರ ಹಾಗೆ ಕೇಳಿದರು.

ಆದರೂ ಸರ್ವಮಂಗಳಮ್ಮನಿಗೆ ಧೈರ್ಯ ಸಾಲಲಿಲ್ಲ. ಮನೆಯ ಪಡಸಾಲೆಯಲ್ಲಿ ಪಾಸಾಗುವುದು ಯಾವ ಮಹಾ? ಮನಸ್ಸಿನಲ್ಲೇ ಒಂದು ಕರಾರು ಮಾಡಿಕೊಂಡಳು. ಅತ್ತೆ ನಿಜವಾದ ಆಫೀಸರ್ ಮುಂದೆ ತಡವರಿಸದಿದ್ದರೆ ಮೊದಲನೇ ಕಾಗದ, ನಗೆಪಾಟಲಾದರೆ ಎರಡನೆಯದು. ಎರಡನ್ನೂ ಕೈಚೀಲಕ್ಕೆ ಹಾಕಿಕೊಂಡು ಹೊರಟಳು.

ಜಾಂಬಿಯಾದ ರಾಜಧಾನಿ ಲುಸಾಕಾದಲ್ಲಿ ಇಳಿದಾಗ ಬೆಳಗಿನ ಹತ್ತು ಗಂಟೆ. ಆಫೀಸರ್ ಪಾಸ್‌ಪೋರ್ಟುಗಳನ್ನು ನೋಡಿ, ಠಪಠಪನೆ ಮುದ್ರೆ ಒತ್ತಿ, ಮುಂದೆ ಹೋಗಿ ಎಂದು ಕೈಬೀಸಿದ. ಏನನ್ನೂ ಕೇಳಲಿಲ್ಲ. ಮಲ್ಲಿಕಾರ್ಜುನಪ್ಪ ಮಗಳ ಕೈ ಹಿಡಿದು ದಾಟಿದ. ಕಸ್ತೂರಮ್ಮ ಮಾತ್ರ ಅಲ್ಲಾಡಲಿಲ್ಲ.

"ಯಾಕೆ ಇವ್ನು ಏನೂ ಕೇಳ್ಲಿಲ್ಲ?"

"ಆತು ಬರ್ರಿ ಅತ್ತೆ, ಹಿಂದೆ ಜನ ನಿಂತಾರೆ."

"ನಿಂತ್ಕೊಳ್ಳಿ ಬಿಡು. ಒಂದು ತಿಂಗಳು ಕಲ್ತೀನಿ ನಾನು."

ಕೌಂಟರಿನ ಕಟ್ಟೆಯ ಮೇಲೆ ಎರಡೂ ಕೈ ಊರಿ ಕಸ್ತೂರಮ್ಮ ಹೇಳತೊಡಗಿದರು. ತಮ್ಮ ಹೆಸರು, ಮಗ ಯಾರು, ಎಷ್ಟು ದಿನ ಇರುತ್ತೇನೆ, ಕೊನೆಗೆ, ಸ್ವಲ್ಪ ಗಟ್ಟಿಯಾಗಿಯೇ, "ಮೈ ಹಸ್ಬೆಂಡ್ ನೇಮ್ ಬಸವರಾಜಪ್ಪ." ಆಫೀಸರ್ ಮುದ್ರೆ ಕೆಳಗಿಟ್ಟು ಪೂರ್ತಿ ಕೇಳಿದ. ನಗಲಿಲ್ಲ. "ವೆರಿ ಗುಡ್, ಮದರ್. ಯಾರು ಕಲಿಸಿದರು ನಿಮಗೆ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಈ ಪ್ರಶ್ನೆ ಪಾಠದಲ್ಲಿರಲಿಲ್ಲ. ಅತ್ತೆಗೆ ಅದು ಅರ್ಥವಾಯಿತೋ, ಉತ್ತರವೇ ಮೊದಲು ಸಿದ್ಧವಾಗಿತ್ತೋ, ಇವತ್ತಿಗೂ ಗೊತ್ತಿಲ್ಲ. ಅವರು ತಿರುಗಿ ಸೊಸೆಯ ಭುಜದ ಮೇಲೆ ಕೈಯಿಟ್ಟರು.

"ದಿಸ್ ಮೈ ಟೀಚರ್."

ಕನ್ನಡದಲ್ಲಿ ಆ ಮಾತನ್ನು ಅವರು ಸತ್ತರೂ ಆಡುತ್ತಿರಲಿಲ್ಲ.

ಹೊರಗೆ ಬಿಸಿಲಿಗೆ ಬಂದ ಮೇಲೆ ಸರ್ವಮಂಗಳಮ್ಮ ಜಗಳೂರಿನ ಎಂಟನೇ ಕ್ಲಾಸಿನಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟಳು. ಕೈಚೀಲದಿಂದ ದುಂಡಗಿನ ಅಕ್ಷರದ ಕಾಗದ ತೆಗೆದು ಪರಪರ ಹರಿದಳು.

"ಏನೇ ಅದು?"

"ಬೇಡಾದ ಕಾಗದ ಅತ್ತೆ."

"ರಸ್ತೆಗೆ ಚೆಲ್ಲಬ್ಯಾಡ, ನಮ್ಮೂರಲ್ಲ ಇದು. ಇಲ್ಲಿ ತಾ."

ಕಸ್ತೂರಮ್ಮ ಚೂರುಗಳನ್ನೆಲ್ಲ ಎಲೆಅಡಿಕೆ ಚೀಲಕ್ಕೆ ತುರುಕಿಕೊಂಡು, ಒಂದು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡರು. "ಕೋಟು ಹಾಕ್ಕೊಂಡಾಗ್ಲೇ ನೀನು ಚೆನ್ನಾಗಿ ಕಾಣ್ತಿದ್ದಿ. ನಡಿ, ಹೊಟ್ಟೆ ಹಸಿದೈತೆ."