ನಸ್ತಾ ಬಾರಿಸಿದ ಎರಡು ಮಧ್ಯಾಹ್ನ

ನಮ್ಮೂರಿನವರ ದೈವಭಕ್ತಿಯನ್ನು ನೋಡಬೇಕೆಂದರೆ ತಪಸ್ಸುಕಾಲದಲ್ಲಿ, ಎಂದರೆ ಈಸ್ಟರಿನ ಪಾಸ್ಕ ಹಬ್ಬಕ್ಕೆ ಮುಂಚಿನ ಉಪವಾಸದ ವಾರಗಳಲ್ಲಿ ಬರಬೇಕು, ಅದೂ ಮಧ್ಯಾಹ್ನ ಹನ್ನೆರಡಕ್ಕೆ ಐದು ನಿಮಿಷ ಇರುವಾಗ. ನಡುರಾತ್ರಿಯಿಂದ ಮಧ್ಯಾಹ್ನದ ಗಂಟೆಯವರೆಗೆ ಏನೂ ಬಾಯಿಗೆ ಹಾಕದ ಉಪವಾಸ ನಮ್ಮದು. ಆ ಹೊತ್ತಿಗೆ ಪ್ರತಿ ಮನೆಯಲ್ಲೂ ಚನ್ನಂಗಿ ಬೇಳೆ ಬೆಂದಿರುತ್ತದೆ, ಈರುಳ್ಳಿ ಸೀಳಿಟ್ಟಿರುತ್ತಾರೆ, ರೊಟ್ಟಿಯನ್ನು ಮಡಿಚಿ ಕೈಯಲ್ಲಿ ಹಿಡಿದಿರುತ್ತಾರೆ. ಕಣ್ಣೆಲ್ಲ ಮಾರ್ ನೊಹ್ರಾ ಸಂತರ ಇಗರ್ಜಿಯ ಗೋಪುರದ ಮೇಲೆ. ಗೊತ್ತಿಲ್ಲದವರು ನೋಡಿದರೆ ಎಂಥ ಭಕ್ತರಪ್ಪ ಎಂದುಕೊಳ್ಳಬೇಕು. ಗಂಟೆಯ ಮೊದಲ ಏಟಿಗೆ ಶಿಲುಬೆಯ ಗುರುತು ಹಾಕಲು ಎತ್ತಿದ ಕೈ, ಹಣೆಯಿಂದ ಎದೆಗೆ ಇಳಿಯುವಾಗ ದಾರಿಯಲ್ಲಿ ಬಾಯಿಗೊಂದು ಆಲಿವ್ ಕಾಯಿ ಹಾಕಿ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಕೈಯೂ ಹಾಗೆ ಮಾಡಿದ್ದುಂಟು. ಸುಳ್ಳೇಕೆ ಹೇಳಲಿ?

ಆ ಗಂಟೆಯ ಹಗ್ಗ ಇಪ್ಪತ್ತೆರಡು ವರ್ಷ ನಸ್ತಾಳ ಕೈಯಲ್ಲಿತ್ತು. ಮೊದಲು ಅವಳ ಗಂಡ ಮಿಖಾಯಿಲ್ ಗಂಟೆ ಬಾರಿಸುತ್ತಿದ್ದ. ಒಂದು ಚಳಿಗಾಲದಲ್ಲಿ ಎದೆ ಕಟ್ಟಿ ಸತ್ತ. ಮಕ್ಕಳಿರಲಿಲ್ಲ. ಬೇರೆ ಗಂಡಸು ಸಿಗುವವರೆಗೆ ಬಾರಿಸಿಕೊಂಡಿರಲಿ ಎಂದರು ಇಗರ್ಜಿಯ ಸಮಿತಿಯವರು. ಹಿಮ ಬಿದ್ದ ಮುಂಜಾವಿನಲ್ಲಿ ಹಾಸಿಗೆ ಬಿಟ್ಟು ಬಂದು ಹಗ್ಗ ಎಳೆಯುವ ಗಂಡಸು ನಮ್ಮ ಬೆಟ್ಟದಲ್ಲಿ ಇನ್ನೂ ಹುಟ್ಟಿರಲಿಲ್ಲ, ಹಾಗಾಗಿ ಸಿಗಲಿಲ್ಲ.

ನಸ್ತಾ ಸಂತಳೇನೂ ಅಲ್ಲ. ಹುಕ್ಕಾ ಸೇದುತ್ತಿದ್ದಳು. ಪ್ರವಚನ ಶುರುವಾದರೆ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಳು. ಜಪಮಾಲೆ ಹಿಡಿದರೆ ಹದಿನೈದನೇ ಮಣಿ ದಾಟುತ್ತಿರಲಿಲ್ಲ. ಮಾತೆಯ ಸೋದರಿಕೆ ಎಂಬ ಭಕ್ತಸಂಘದ ಹೆಂಗಸರು, ಎಂದರೆ ನೀಲಿ ಪಟ್ಟಿ ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕೂರುವವರು, ಅವಳನ್ನು ಕಂಡರೆ ಮೂಗು ಮುರಿಯುತ್ತಿದ್ದರು. "ಪ್ರಾರ್ಥನೆ ಅಂದ್ರೇನು ಅಂತ ಗೊತ್ತೇನೇ ನಿಂಗೆ?" ಎಂದು ಅವರ ನಾಯಕಿ ಆದ್ಲಾ ಒಮ್ಮೆ ಎಲ್ಲರೆದುರೇ ಕೇಳಿದಳು.

"ನಂಗೆ ಎಳೆಯೋದೊಂದೇ ಗೊತ್ತು, ತಾಯಿ," ಎಂದಳು ನಸ್ತಾ. "ಮಾತಾಡೋಕೆ ನೀವೆಲ್ಲ ಇದೀರಲ್ಲ."

ಎಳೆಯುವುದೆಂದರೆ ಹೇಗೆ? ಒಂದೊಂದು ಎಳೆತಕ್ಕೂ ಒಂದೊಂದು ಮನೆಯ ಹೆಸರು ಹೇಳುತ್ತಿದ್ದಳು. ಬೆಳಗಿನ ಗಂಟೆ ಮುಗಿಸಿ ಗೋಪುರದ ಕಿಂಡಿಯಿಂದ ಯಾರ ಮನೆಯ ಹೊಗೆ ಎದ್ದಿಲ್ಲ ಎಂದು ನೋಡುತ್ತಿದ್ದಳು. ಎದ್ದಿಲ್ಲದ ಮನೆಗೆ ಒಂದು ಹೊರೆ ಸೌದೆ ಹೊತ್ತುಕೊಂಡು ಹೋಗಿ, ಬಯ್ಯುತ್ತಲೇ ಒಲೆ ಹಚ್ಚಿ, ಸಾರು ಕಾಯಿಸಿಟ್ಟು ಬರುತ್ತಿದ್ದಳು. ಸೋದರಿಕೆಯವರು ರೋಗಿಗಳಿಗಾಗಿ ಒಂಬತ್ತು ದಿನದ ನೊವೇನಾ ಪ್ರಾರ್ಥನೆ ಮಾಡುತ್ತಿದ್ದರು. ಆ ಒಂಬತ್ತು ದಿನವೂ ರೋಗಿಯ ಮಲದ ಬಟ್ಟೆ ಒಗೆಯುತ್ತಿದ್ದವಳು ನಸ್ತಾ. ಪುಣ್ಯ ಯಾರ ಪಾಲಿಗೆ ಬಂತೆಂದು ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ನೊವೇನಾದವರ ಹೆಸರನ್ನೇ ಹೇಳುತ್ತಿದ್ದರು.

ಈಗ ನನ್ನ ಮಾವನ ವಿಷಯ. ಅಬೂ ಶಾಹೀನ್ ಎಂದರೆ ಊರಿಗೇ ಗೊತ್ತು. ಎಂಬತ್ತೊಂದು ವರ್ಷ, ಹಟಕ್ಕೆ ಮಾತ್ರ ಇಪ್ಪತ್ತು. ಸಕ್ಕರೆ ಕಾಯಿಲೆ. ಆ ವರ್ಷ ತಪಸ್ಸುಕಾಲದ ಐದನೇ ವಾರದಲ್ಲಿ ಜುಬೈಲ್ ಪಟ್ಟಣದ ಡಾಕ್ಟರು ಬೆಳಗ್ಗೆ ಇನ್ಸುಲಿನ್ ಚುಚ್ಚಬೇಕೆಂದು ಹೇಳಿ, ನನಗೇ ಕಲಿಸಿಕೊಟ್ಟರು. ಚುಚ್ಚಿದ ಅರ್ಧ ಗಂಟೆಗೆ ಉಣ್ಣಲೇಬೇಕು, ಉಪವಾಸದ ಮಾತೇ ಬೇಡ ಎಂದರು. ಇಗರ್ಜಿಯ ಗುರುಗಳು, ಅಬೂನಾ ಯುವಾಕೀಮ್, ಮನೆಗೇ ಬಂದು, ರೋಗಿಗಳಿಗೆ ಉಪವಾಸವಿಲ್ಲ ಎಂದು ಹೇಳಿ ಹೋದರು. ಮಾವ ಸೂಜಿಗೆ ಒಪ್ಪಿದರು, ಊಟಕ್ಕೆ ಒಪ್ಪಲಿಲ್ಲ.

"ಆ ಅಬೂನಾ ಚಡ್ಡಿ ಕಟ್ಕೊಳ್ಳೋಕೂ ಬರದೆ ಓಡಾಡ್ತಿದ್ದಾಗಿಂದ ನಾನು ಉಪವಾಸ ಮಾಡ್ತಿದೀನಿ. ಅವನು ನಂಗೆ ಹೇಳ್ಕೊಡ್ತಾನಾ?" ಎಂದರು. ಇದೇ ಅವರ ದೈವಭಕ್ತಿ. ದೇವರು ಬೇಡವೆಂದರೂ ದೇವರಿಗಾಗಿ ಹಸಿಯುವುದು.

ಮೊದಲೆರಡು ದಿನ ಮಾವನ ಕೈ ನಡುಗಿದ್ದಷ್ಟೇ. ಮೂರನೇ ದಿನ ಗುರುವಾರ. ಗಂಡ ಕಲ್ಲುಗಣಿಗೆ ಹೋಗಿದ್ದ. ಹತ್ತೂವರೆಯ ಸುಮಾರಿಗೆ ನೋಡಿದರೆ ಮಾವ ಗೋಡೆಗೊರಗಿ ಕೂತಿದ್ದಾರೆ, ಅಂಗಿ ಬೆವರಿಗೆ ತೊಯ್ದು ತಣ್ಣಗಾಗಿದೆ, ತುಟಿ ಬೆಳ್ಳಗಾಗಿದೆ. ಸಕ್ಕರೆ ತೀರ ಇಳಿದಿದೆ ಎಂದು ನಾನು ದ್ರಾಕ್ಷಿ ಕಾಕಂಬಿ ತಂದೆ.

"ಮಾವ, ಒಂದು ಚಮಚ. ಒಂದೇ ಚಮಚ."

"ಗಂಟೆ ಹೊಡೀತಾ?"

"ನಿಮ್ಮ ಕಾಲಿಗೆ ಬೀಳ್ತೀನಿ, ಬಾಯಿ ತೆಗೀರಿ."

"ಗಂಟೆ ಹೊಡೀತೇನೇ ಅಂದೆ."

ಬಲವಂತವಾಗಿ ಸುರಿದೆ. ನನ್ನ ಲಂಗದ ಮೇಲೆ ಉಗಿದು ಹಲ್ಲು ಕಚ್ಚಿ ಕೂತರು. ಅಬೂನಾರನ್ನು ಕರೆತರೋಣವೆಂದು ಓಡಿದೆ. ಅವರು ಪಕ್ಕದೂರಿಗೆ ಶವಸಂಸ್ಕಾರಕ್ಕೆ ಹೋಗಿದ್ದರು. ಇಗರ್ಜಿಯ ಅಂಗಳದಲ್ಲಿ ನಸ್ತಾ ಪೀಠದ ಬಟ್ಟೆಗಳನ್ನು ಹಿಂಡುತ್ತಿದ್ದಳು. ಅಳುತ್ತಾ ಎಲ್ಲವನ್ನೂ ಹೇಳಿದೆ.

"ಸೂಜಿ ಎಷ್ಟೊತ್ತಿಗೆ ಚುಚ್ಚಿದೆ?"

"ಎಂಟಕ್ಕೆ."

"ತಿಂದಿದ್ದು?"

"ನಿನ್ನೆ."

"ಮುದುಕಂಗೆ ಡಾಕ್ಟರ್ ಮಾತು ಬೇಡ, ಅಬೂನಾ ಮಾತೂ ಬೇಡ. ಗಂಟೆ ಮಾತು ತಾನೇ ಬೇಕು? ಓಡು. ಚಮಚ ಕೈಯಲ್ಲಿ ಹಿಡ್ಕೊಂಡು ನಿಂತ್ಕೋ."

ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಒಳಗೆ ಹೋದಳು. ನಾನು ಓಡಿ ಬಂದು ಮನೆಯ ಹೊಸಿಲು ದಾಟುವಷ್ಟರಲ್ಲಿ ಗಂಟೆ ಶುರುವಾಯಿತು. ಮೂರು, ಮೂರು, ಮತ್ತೆ ಮೂರು, ಆಮೇಲೆ ಬಿಡದೆ. ಥೇಟ್ ಮಧ್ಯಾಹ್ನದ ಗಂಟೆ. ಮಾವನ ಕೈ ನಡುಗುತ್ತಾ ಹಣೆಗೆ ಹೋಯಿತು. ಬಾಯಿ ತೆರೆಯಿತು. ನಾನು ಕಾಕಂಬಿ ಸುರಿದೆ. ಮೂರನೇ ಚಮಚಕ್ಕೆ ಕಣ್ಣು ನನ್ನನ್ನು ಗುರುತಿಸಿತು. "ಉಪ್ಪಿನಕಾಯಿ ಎಲ್ಲೇ?" ಎಂದರು.

ಅದೇ ಹೊತ್ತಿಗೆ ಇಡೀ ಊರು ಊಟಕ್ಕೆ ಕೂತಿತ್ತು! ಹತ್ತೂಮುಕ್ಕಾಲಿಗೆ! ಗೋಡೆ ಕಟ್ಟುತ್ತಿದ್ದವನು ಕರಣೆ ಎಸೆದು ಮನೆಗೆ ಹೋದ. ಶಾಲೆ ಬಿಟ್ಟಿತು. ಸೂರ್ಯ ಇನ್ನೂ ಪೂರ್ವದ ಗುಡ್ಡದ ಕಡೆಗೇ ಇದ್ದಾನೆ, ಒಬ್ಬರಾದರೂ ತಲೆಯೆತ್ತಿ ನೋಡಬೇಡವೇ? ಬೇಳೆ ಬೆಂದಿರಲಿಲ್ಲ. ಕಟಕಟ ಅಗಿದು ತಿಂದರು. ಈ ಸಲದ ಸೌದೆ ಸರಿಯಿಲ್ಲ ಎಂದು ಹೆಂಗಸರು ಸೌದೆಯನ್ನು ಬೈದರು. ಹೊಟ್ಟೆ ಹಸಿದವರಿಗೆ ಗಂಟೆಯ ಮೇಲೆ ಇರುವಂಥ ನಂಬಿಕೆ ದೇವರ ಮೇಲಿದ್ದರೆ ನಮ್ಮೂರು ಎಂದೋ ಸ್ವರ್ಗಕ್ಕೆ ಎದ್ದು ಹೋಗಿರುತ್ತಿತ್ತು.

ಇದು ಅಲ್ಲಿಗೇ ಮುಗಿಯುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಹನ್ನೆರಡಕ್ಕೆ ಸರಿಯಾಗಿ ನಸ್ತಾ ಮತ್ತೆ ಗಂಟೆ ಬಾರಿಸಿದಳು.

ನಾನು ಎದ್ದೆನೋ ಬಿದ್ದೆನೋ ಎಂದು ಓಡಿದೆ. "ನಿಂಗೇನು ತಲೆ ಕೆಟ್ಟಿದೆಯಾ? ಈಗ ಎಲ್ರಿಗೂ ಗೊತ್ತಾಯ್ತಲ್ಲ!"

"ಮೊದಲನೇದು ನಿಮ್ಮ ಮಾವಂದು," ಎಂದಳು. "ಹನ್ನೆರಡು ಅವನದು. ಅವನ ಹೊತ್ತಿಗೆ ಅವನ ಗಂಟೆ ಬಾರಿಸದೆ ಬಿಟ್ಟುಬಿಡ್ಲಾ?" ಅವನೆಂದರೆ ದೇವರು. ದೇವರನ್ನು ಪಕ್ಕದ ಮನೆಯವನ ಹಾಗೆ ಏಕವಚನದಲ್ಲೇ ಮಾತಾಡಿಸುತ್ತಿದ್ದಳು. ಆಮೇಲೆ ನನ್ನ ರಟ್ಟೆ ಹಿಡಿದುಕೊಂಡಳು. "ಕತ್ತೂರಾ, ಯಾರ ಹತ್ರಾನೂ ಬಾಯಿ ಬಿಡಬೇಡ. ತಪ್ಪಿ ಹೊಡೆದದ್ದು ಅಂದ್ಕೊಂಡ್ರೆ ಮುದುಕ ನನ್ನ ಬೈದು ಸುಮ್ಮನಾಗ್ತಾನೆ. ತನಗೋಸ್ಕರ ಹೊಡೆದದ್ದು ಅಂತ ತಿಳಿದ್ರೆ, ಪ್ರಾಯಶ್ಚಿತ್ತ ಅಂತ ಚುಕ್ಕಿ ಮೂಡೋವರೆಗೂ ಹಸ್ಕೊಂಡು ಕೂತ್ಕೊಂಡು ಸಾಯ್ತಾನೆ. ಪಾಸ್ಕದವರೆಗೆ ಹೆಂಗಾದ್ರೂ ಉಳಿಸ್ಕೋ. ಆ ಡಾಕ್ಟರ್ ಹತ್ರ ಹೋಗಿ ಸೂಜಿ ಮಧ್ಯಾಹ್ನ ಚುಚ್ಚಬಹುದಾ ಕೇಳು. ಬಾಯಿ ಇದೆಯಲ್ಲ ನಿಂಗೆ, ಬೀದಿಗೆಲ್ಲ ಕೇಳೋವಷ್ಟು."

ಕೇಳಿದೆ. ಆಗಬಹುದು ಎಂದರು. ಇಷ್ಟು ಸುಲಭದ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಭಾನುವಾರ ಪೂಜೆ ಮುಗಿಯುತ್ತಿದ್ದಂತೆ ಸಮಿತಿಯ ಮುಖ್ಯಸ್ಥ ಅಸ್ಸಾಫ್ ಎಫೆಂದಿ ಎದ್ದ. ಆದ್ಲಾಳ ಗಂಡ. ಊರಿಗೆಲ್ಲ ಒಂದೇ ಕೈಗಡಿಯಾರ, ಅದು ಅವನ ಮಣಿಕಟ್ಟಿನಲ್ಲಿ. ಬ್ರೆಜಿಲಿನಿಂದ ಅವನ ತಮ್ಮ ಕಳಿಸಿದ್ದು.

"ಮೂವತ್ತು ದಿನ ಕಾಪಾಡ್ಕೊಂಡು ಬಂದ ಉಪವಾಸ, ಅಬೂನಾ! ಒಂದು ಹೆಂಗಸು ಒಂದೇ ಏಟಿಗೆ ಹಾಳು ಮಾಡಿದ್ಲು. ನನ್ನ ಗಡಿಯಾರದಲ್ಲಿ ಸರಿಯಾಗಿ ಹತ್ತೂಮುಕ್ಕಾಲು!"

ಅಬೂನಾ ಯುವಾಕೀಮ್ ಕನ್ನಡಕದ ಮೇಲಿಂದ ನೋಡಿದರು. "ಗಂಟೆ ಹೊಡೆದಾಗಲೇ ಗಡಿಯಾರ ನೋಡಿದ್ರಾ?"

"ಮತ್ತೆ? ಆಗಲೇ ನೋಡಿದೆ."

"ನೋಡಿ ಏನು ಮಾಡಿದ್ರಿ?"

ಅಸ್ಸಾಫ್ ತೋಳನ್ನು ಕೆಳಗೆಳೆದು ಗಡಿಯಾರ ಮುಚ್ಚಿಕೊಂಡ. ಹಿಂದಿನಿಂದ ಯಾರೋ, "ಎರಡು ಸಲ ಬಡಿಸ್ಕೊಂಡ್ರಂತೆ," ಎಂದರು. ಇಗರ್ಜಿಯೇ ನಕ್ಕಿತು.

"ಗಡಿಯಾರ ಕೆಟ್ಟಿದೆ ಅಂದ್ಕೊಂಡೆ," ಎಂದ ಅವನು, ಮುಖ ಕೆಂಪಗೆ ಮಾಡಿಕೊಂಡು. "ಗಂಟೆ ಅಂದ್ರೆ ಧರ್ಮಸಭೆಯ ದನಿ. ನಾನು ವಿಧೇಯತೆಯಿಂದ ಉಂಡೆ."

ನಗು ಅವನ ಪರವಾಗಿ ತಿರುಗಲು ಎಷ್ಟು ಹೊತ್ತು? ಅವನನ್ನು ಗೇಲಿ ಮಾಡಿದರೆ ತಮ್ಮ ಅರೆಬೆಂದ ಬೇಳೆಯೂ ಈಚೆ ಬರುತ್ತದೆ ಎಂದು ಎಲ್ಲರಿಗೂ ಗೊತ್ತಾಯಿತು. ಎಲ್ಲ ಕಣ್ಣೂ ನಸ್ತಾಳ ಕಡೆ ಹೊರಳಿದವು.

"ಏನಾಯ್ತಮ್ಮ ನಸ್ತಾ?" ಅಬೂನಾ ಕೇಳಿದರು.

ಅವಳು ಸುಳ್ಳು ಹೇಳಲಿಲ್ಲ. "ನನ್ನ ಕಣ್ಣು ಹಳೇದು, ಅಬೂನಾ. ಗೋಪುರದೊಳಗಿನ ಗಡಿಯಾರಾನೂ ಹಳೇದು," ಎಂದಳು. ಎರಡೂ ನಿಜ.

"ಕಣ್ಣು ಕೊಡೋ ಮಾರ್ ನೊಹ್ರಾ ಸಂತರ ಕಾಲ ಬುಡದಲ್ಲೇ ಇದ್ದು ಕಣ್ಣು ಕಾಣಲ್ವಂತೆ!" ಎಂದಳು ಆದ್ಲಾ. ನೀಲಿ ಪಟ್ಟಿಗಳೆಲ್ಲ ಕಿಸಕ್ಕನೆ ನಕ್ಕವು.

"ಗೊತ್ತಿಲ್ಲದೆ ಉಂಡವರಿಗೆ ಪಾಪ ಇಲ್ಲ," ಎಂದರು ಅಬೂನಾ. ಒಳ್ಳೆಯ ಮನುಷ್ಯ, ಆದರೆ ಬೆನ್ನುಮೂಳೆ ಸ್ವಲ್ಪ ಮೆತ್ತಗೆ.

ಆಗ ಗಂಡಸರ ಸಾಲಿನಲ್ಲಿ ಊರುಗೋಲು ಕುಟ್ಟುತ್ತಾ ಒಬ್ಬರು ಎದ್ದು ನಿಂತರು. ನನ್ನ ಮಾವ. ಕೆನ್ನೆಗೆ ಬಣ್ಣ ಬಂದಿತ್ತು, ದನಿಯೂ ಬಂದಿತ್ತು.

"ಏಳನೇ ವಯಸ್ಸಿಂದ ಒಂದು ದಿನಾನೂ ಮುರಿದಿರಲಿಲ್ಲ ನಾನು! ಬರಗಾಲದಲ್ಲಿ ಮುರೀಲಿಲ್ಲ, ಹೆಂಡ್ತಿ ಸತ್ತ ದಿನ ಮುರೀಲಿಲ್ಲ. ಈ ಕುರುಡಿ ಮುರಿಸಿದ್ಲು. ಹಗ್ಗ ಕಿತ್ಕೊಳ್ಳಿ ಅವಳ ಕೈಯಿಂದ!"

ನಸ್ತಾ ನನ್ನನ್ನು ನೋಡಿದಳು. ಬೇಡ ಎನ್ನುವಂತೆ ಹುಬ್ಬು ಎತ್ತಿದಳು, ಅಷ್ಟೇ. ನಾನೇನು ಮಾಡಿದೆ? ಜಪಮಾಲೆ ತೆಗೆದು ಮಣಿ ಎಣಿಸತೊಡಗಿದೆ. ಅವಳು ಬೇಡವೆಂದಿದ್ದಳು ಎಂಬುದು ನಿಜ. ಎದ್ದು ನಿಲ್ಲದೇ ಇರಲು ಒಂದು ನೆಪ ಸಿಕ್ಕಿತೆಂದು ಒಳಗೊಳಗೇ ಹಗುರವಾದದ್ದೂ ನಿಜ. ಎಲ್ಲರಿಗಿಂತ ಜೋರಾಗಿ ಮಾತಾಡುವ ಕತ್ತೂರಾ, ಆ ದಿನ ಎಲ್ಲರಿಗಿಂತ ಭಕ್ತಿಯಿಂದ ಕೂತಿದ್ದಳು. ಥೂ ನನ್ನ ಜನ್ಮಕ್ಕೆ.

ಹಗ್ಗ ಅಸ್ಸಾಫನ ಸೋದರಳಿಯನ ಪಾಲಾಯಿತು. ಗೋಪುರದ ಬೀಗದ ಕೈಯನ್ನು ನಸ್ತಾ ಲಂಗದ ಗಂಟಿನಿಂದ ಬಿಚ್ಚಿ ಪೀಠದ ಮೆಟ್ಟಿಲ ಮೇಲಿಟ್ಟಳು. ಬಿಚ್ಚಲು ಬಹಳ ಹೊತ್ತು ಬೇಕಾಯಿತು. ಯಾರೂ ನೆರವಿಗೆ ಹೋಗಲಿಲ್ಲ.

ಪಾಸ್ಕ ಹಬ್ಬದ ಬೆಳಗ್ಗೆ ಪೂಜೆ ಮುಗಿಸಿ ಹೊರಗೆ ಬಂದೆವು. ಒಬ್ಬರಿಗೊಬ್ಬರು "ಕ್ರಿಸ್ತ ಎದ್ದ" ಎಂದು ತಬ್ಬಿಕೊಂಡು ಮುತ್ತಿಡುತ್ತಿದ್ದರು. ಇಗರ್ಜಿಯ ಗೋಡೆಯ ಪಕ್ಕದಲ್ಲಿ ನಸ್ತಾ ನಿಂತಿದ್ದಳು. ಅವಳನ್ನು ತಬ್ಬಿಕೊಳ್ಳಲು ಯಾರೂ ಅತ್ತ ಹೋಗಲಿಲ್ಲ. ಮಾವ ನನ್ನ ತೋಳು ಹಿಡಿದು ನಡೆಯುತ್ತಿದ್ದವರು ಅವಳ ಮುಂದೆ ನಿಂತುಬಿಟ್ಟರು.

"ನನ್ನ ಉಪವಾಸ ಕದ್ದವಳು ನೀನು," ಎಂದರು. "ದೇವರಿಗೆ ಏನು ಉತ್ತರ ಕೊಡ್ತೀಯಾ?"

"ಅವನು ಕೇಳಿದಾಗ ಹೇಳ್ತೀನಿ, ಅಬೂ ಶಾಹೀನ್," ಎಂದಳು ನಸ್ತಾ. ಅವರ ಮುಖವನ್ನೂ ಕೈಯನ್ನೂ ಡಾಕ್ಟರರ ಹಾಗೆ ನಿಧಾನವಾಗಿ ನೋಡಿದಳು. ಕೈ ನಡುಗುತ್ತಿರಲಿಲ್ಲ. "ಬೆಳಗ್ಗೆ ಏನಾದ್ರೂ ತಿಂದ್ರಾ?"

"ತಿಂದೆ."

"ಒಳ್ಳೇದಾಯ್ತು," ಎಂದಳು. ಮುಖದ ತುಂಬ ನಗು.

ಮಾವ ನೆಲಕ್ಕೆ ಉಗಿದರು. ನಾನು ಅವರ ತೋಳು ಹಿಡಿದುಕೊಂಡು ಮನೆಗೆ ಕರೆತಂದೆ. ಅವಳಿಗೆ "ಕ್ರಿಸ್ತ ಎದ್ದ" ಎಂದು ನಾನೂ ಹೇಳಲಿಲ್ಲ.