ಮೂವತ್ತನೇ ದಿನದ ಬಿಸಿಲು

ಸೂರ್ಯ ಇನ್ನೂ ಕಣ್ಣು ಬಿಟ್ಟಿಲ್ಲ. ಹೆರಿಗೆ ಆಸ್ಪತ್ರೆಯ ತಾರಸಿಯಲ್ಲಿ ಮಾಳಿಗೆ ಅಕ್ಕ ಸೆರಗು ಬಿಗಿದು, ಮೊದಲ ಸಾಲಿನ ಸೌರಫಲಕದ ಮೇಲೆ ಬೆರಳೆಳೆದು ನೋಡುತ್ತಾರೆ. ಬೆರಳ ತುದಿಯೆಲ್ಲ ಕೆಂಪು. ನಿನ್ನೆ ಸಂಜೆಯ ಗಾಳಿ ಊರ ಧೂಳನ್ನೆಲ್ಲ ಹೊತ್ತು ತಂದು ಇಲ್ಲೇ ಇಳಿಸಿ ಹೋಗಿದೆ. ಸಾಲದ್ದಕ್ಕೆ ನೀರೆತ್ತುವ ಮೋಟಾರು ಬೆಳ್ಳಂಬೆಳಗ್ಗೆಯೇ ಕೈಕೊಟ್ಟಿದೆ. ಅಕ್ಕ ಗೊಣಗುವುದಿಲ್ಲ. ಕೊಡ ಹಿಡಿದು ನಲವತ್ತೆರಡು ಮೆಟ್ಟಿಲು ಇಳಿಯುತ್ತಾರೆ, ಹತ್ತುತ್ತಾರೆ. ಅರವತ್ತು ಫಲಕ, ಹನ್ನೊಂದು ಕೊಡ ನೀರು.

"ಬಿಸಿಲು ಏರೋದ್ರೊಳಗೆ ಮುಗಿಸ್ಬೇಕು. ಕಾದ ಗಾಜಿಗೆ ತಣ್ಣೀರು ಬಿದ್ರೆ ಸೀಳ್ಕೊಳ್ಳುತ್ತೆ. ಎಳೆಮಗೂಗೆ ಎರೆದ ಹಾಗೆ ಎರೀಬೇಕು."

ಇಂದು ಮೂವತ್ತನೇ ದಿನ. ದಿನಕ್ಕೆ ನೂರಿಪ್ಪತ್ತು ಯೂನಿಟ್‌ನಂತೆ ತಿಂಗಳಿಡೀ ತಪ್ಪದೆ ಈ ಫಲಕಗಳಿಂದ ಕರೆಂಟು ಬಂದರೆ, ತಿಂಗಳು ತುಂಬದೆ ಹುಟ್ಟುವ ಕೂಸುಗಳಿಗೆ ಬೆಚ್ಚನೆಯ ಕೋಣೆ ಕೊಡುತ್ತೇವೆ ಎಂದು ಮೇಲಿನ ಕಚೇರಿ ಒಪ್ಪಿದೆ. ಒಂದು ದಿನ ಕಡಿಮೆಯಾದರೂ ಎಣಿಕೆ ಮತ್ತೆ ಒಂದರಿಂದ. ಸದ್ಯ ಅಂಥ ಕೂಸುಗಳನ್ನು ಎರಡು ಗಂಟೆ ದೂರದ ದೊಡ್ಡಾಸ್ಪತ್ರೆಗೆ ಒಯ್ಯಬೇಕು. ಅಕ್ಕನ ಮೊದಲ ಮೊಮ್ಮಗಳು ಹಾಗೆ ಹೋಗಿ ಬದುಕಿ ಬಂದವಳು. ಮಗಳಿಗೆ ಈಗ ಮತ್ತೆ ಆರು ತಿಂಗಳು.

ಹಿಂದೊಮ್ಮೆ ಎಣಿಕೆ ಹತ್ತೊಂಬತ್ತನೇ ದಿನಕ್ಕೆ ಮುರಿದಿತ್ತು. ಮುರಿದವರು ಅಕ್ಕನೇ. ಆಗ ಅವರದು ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ. ಒಣಹಾಕುವ ಹಗ್ಗ ಹರಿದಿತ್ತು. ಸುತ್ತ ನೋಡಿದರೆ ನುಣ್ಣಗೆ, ಬೆಚ್ಚಗೆ, ಓರೆಯಾಗಿ ಫಲಕಗಳು. ಇಪ್ಪತ್ತೆರಡು ಹಾಸಿಗೆ ಹೊದಿಕೆಗಳನ್ನು ಸಾಲಾಗಿ ಹರವಿ, ಕೈ ಒರೆಸಿಕೊಂಡು ಊಟಕ್ಕೆ ಹೋದರು.

"ಕರೆಂಟು ಯಾಕೆ ಬಿತ್ತು ಅಂತ ನಾನು ಕೆಳಗಡೆ ವೈರ್ ವೈರೂ ಬಿಚ್ಚಿ ನೋಡ್ತಿದ್ದೀನಿ. ಸಂಜೆ ಮೇಲೆ ಬಂದ್ರೆ ಬಟ್ಟೆ ಮಡಚ್ತಾ ನಿಂತಿದ್ದಾರೆ, 'ಎಷ್ಟು ಬೇಗ ಒಣಗಿದ್ವು ನೋಡಣ್ಣ' ಅಂತಾರೆ," ಎಂದು ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಈಗಲೂ ಹೊಟ್ಟೆ ಹಿಡಿದು ನಗುತ್ತಾರೆ. ಅವರು ಇವರನ್ನು ಅಕ್ಕ ಎನ್ನುತ್ತಾರೆ, ಇವರು ಅವರನ್ನು ಅಣ್ಣ ಎನ್ನುತ್ತಾರೆ. ಯಾರು ದೊಡ್ಡವರೆಂಬುದು ಇನ್ನೂ ಇತ್ಯರ್ಥವಾಗಿಲ್ಲ.

"ನಗು ಅಣ್ಣ, ನಗು. ಆವತ್ತು ರಾತ್ರಿ ನನಗೆ ಅನ್ನ ಗಂಟಲಲ್ಲಿ ಇಳೀಲಿಲ್ಲ," ಎನ್ನುತ್ತಾರೆ ಅಕ್ಕ. ಮರುದಿನ ಡಾಕ್ಟರಮ್ಮನ ಮುಂದೆ ನಿಂತು, ಫಲಕ ತೊಳೆಯುವ ಕೆಲಸವನ್ನು ತಾವೇ ಕೇಳಿ ಪಡೆದರು. ಕಾರಿಡಾರಿನಲ್ಲಿದ್ದವರು ಇಟ್ಟ ಹೆಸರು ಮಾಳಿಗೆ ಅಕ್ಕ.

ಈಗ ತಾರಸಿಯಿಂದ ನೋಡಿದರೆ ಶಾಲೆ, ಹಿಟ್ಟಿನ ಗಿರಣಿ, ಬಸ್ ನಿಲ್ದಾಣ, ಎಲ್ಲದರ ನೆತ್ತಿಯ ಮೇಲೂ ನೀಲಿ ಫಲಕ. ಐದು ವರ್ಷದ ಹಿಂದೆ ಬರೀ ನೀರಿನ ಟ್ಯಾಂಕಿಗಳಿದ್ದವು. "ಗಿರಣಿಯವರದ್ದು ನೋಡಿ, ಮುಖ ತೊಳೆದು ಎಷ್ಟು ಕಾಲವಾಯ್ತೋ," ಎಂದು ಅಕ್ಕ ಮೂಗು ಮುರಿಯುತ್ತಾರೆ.

ಮಧ್ಯಾಹ್ನ ಮೋಡ ಕವಿಯುತ್ತದೆ. ನಾಲ್ಕು ಗಂಟೆಗೆ ಮೀಟರು ನೂರಹದಿನೇಳರಲ್ಲಿ ತೆವಳುತ್ತಿದೆ. ಮೋಡ ಸರಿದರೂ ಮೂರನೇ ಸಾಲು ಮೇಲೇಳುತ್ತಿಲ್ಲ ಎನ್ನುತ್ತಾರೆ ಎಲೆಕ್ಟ್ರಿಷಿಯನ್. ಅಕ್ಕ ಮೇಲೆ ಓಡಿ ನೋಡಿದರೆ, ಅಂಗೈ ಅಗಲದ ಹಕ್ಕಿ ಹಿಕ್ಕೆ. ಅಷ್ಟೇ ನೆರಳು ಸಾಕು, ಇಡೀ ಸಾಲು ಮಂಕಾಗಲು. ಗಾಜು ಕಾದಿದೆ, ತಣ್ಣೀರು ಹಾಕುವಂತಿಲ್ಲ. ವಾರ್ಡಿನಿಂದ ಒಂದು ಚೊಂಬು ಬೆಚ್ಚನೆ ನೀರು ತಂದು, ಬಟ್ಟೆ ಅದ್ದಿ, ಹಿಕ್ಕೆ ನೆನೆಯುವವರೆಗೆ ಕಾದು, ಮೆಲ್ಲಗೆ ಒರೆಸುತ್ತಾರೆ.

ನೂರಹದಿನೆಂಟು. ನೂರಹತ್ತೊಂಬತ್ತು. ಮೀಟರಿನ ಮುಂದೆ ಬಾಣಂತಿಯರ ಮನೆಯವರೂ ಸೇರಿದ್ದಾರೆ. ಐದಕ್ಕೆ ಹತ್ತು ನಿಮಿಷವಿರುವಾಗ ಅಂಕಿ ನೂರಿಪ್ಪತ್ತೊಂದು ತೋರುತ್ತದೆ. ಹಿರಿಯ ನರ್ಸಮ್ಮ ಅಕ್ಕನ ಎರಡೂ ಕೈ ಹಿಡಿದುಕೊಳ್ಳುತ್ತಾರೆ. ಎಲೆಕ್ಟ್ರಿಷಿಯನ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

"ಏನು ಬೇಕು ಕೇಳಿ ಅಕ್ಕ, ಇವತ್ತು ನಿಮ್ಮ ದಿನ," ಎನ್ನುತ್ತಾರೆ ನರ್ಸಮ್ಮ.

ಅಕ್ಕ ಕೈ ಬಿಡಿಸಿಕೊಂಡು ಸೆರಗು ಸರಿಮಾಡಿಕೊಳ್ಳುತ್ತಾರೆ. "ಕೋಣೆ ಶುರುವಾದ ಮೇಲೆ ಮೊದಲನೇ ಕೂಸು ಯಾರ ಮನೇದಾದ್ರೂ ಸರಿ, ಕಿಟಕಿಯಿಂದ ಒಂದ್ಸಲ ತೋರಿಸಿ. ಒಳಗೆ ಬರಲ್ಲ, ಮುಟ್ಟಲ್ಲ. ನಾನು ತಂದ ಬಿಸಿಲು ಅದರ ಮೈಗೆ ಹಿತವಾಗಿದ್ಯಾ ಅಂತ ನೋಡ್ಬೇಕು."